ಸೊಹಾರ್, ಅಂಚೆಪೆಟ್ಟಿಗೆ ೧೧೮೩

ಶುಕ್ರವಾರ ಮಧ್ಯಾಹ್ನ, ಆಫೀಸಿನಲ್ಲಿ ನಾನೊಬ್ಬ.
ಹೊರಗೆ ನಲವತ್ತೇಳು ಡಿಗ್ರಿ. ಕಿಟಕಿಯ ಗಾಜು ಮುಟ್ಟಿದರೆ
ನಿಜವಾದ ಬೆಂಕಿಗೋಡೆ ಯಾವುದೆಂದು ಬೆರಳಿಗೆ ತಿಳಿಯುತ್ತದೆ.
ಇನ್ನೊಂದು ಇಲ್ಲಿದೆ, ರ‍್ಯಾಕಿನಲ್ಲಿ,
ಎರಡು ಅಂಗೈ ಅಗಲ, ಹಸಿರು ದೀಪ ಮಿಟುಕಿಸುತ್ತ.
ಬಂದವರಿಗೆಲ್ಲ ಅದರದು ಒಂದೇ ಉತ್ತರ: ಇಲ್ಲ.

ಕೆಲಸ ಸಣ್ಣದು. ಬಂದರಿನ ವೇಬ್ರಿಡ್ಜಿನಿಂದ
ಲಾರಿಗಳ ತೂಕ ನಮ್ಮ ಸರ್ವರಿಗೆ ತಲುಪಬೇಕು.
ಸರ್ವರ್ ಇರುವುದು ಖರ್ಜೂರದ ಪೆಟ್ಟಿಗೆಗಳ ಹಿಂದೆ, ಸ್ಟೋರಿನ ಮೂಲೆಯಲ್ಲಿ,
ಒಳಗಿನವರಿಗಷ್ಟೇ ಗೊತ್ತಿರುವ ವಿಳಾಸ:
ನೂರತೊಂಬತ್ತೆರಡು, ನೂರ ಅರವತ್ತೆಂಟು, ಹತ್ತು, ಇಪ್ಪತ್ತು.
ಹೊರಗೆ ನಿಂತು ಇದನ್ನು ಎಷ್ಟು ಕೂಗಿದರೂ
ಯಾರೂ ತಿರುಗಿ ನೋಡುವುದಿಲ್ಲ;
ಇಂಥ ಇಪ್ಪತ್ತು ಲೋಕದಲ್ಲಿ ಲಕ್ಷಾಂತರ,
ಮನೆಗೊಬ್ಬ ಪುಟ್ಟ ಇರುವ ಹಾಗೆ.

ಬಂದರು ಎಂದರೆ ಪೋರ್ಟು.
ಬಂದರು ಎಂದರೆ ಬಂದರು ಕೂಡ, ಯಾರೋ, ಎಲ್ಲಿಂದಲೋ.
ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು.
ಸರಿ, ಯಾರಲ್ಲಿಗೆ ಬಂದರು?
ಅದನ್ನು ನಾನು ಬರೆಯಬೇಕು, ಒಂದೇ ಸಾಲಿನಲ್ಲಿ.

ನಾನು ಬಂದ ವರ್ಷ
ಕ್ಯಾಂಪಿನ ನೂರ ನಲವತ್ತು ಮಂದಿಗೂ ಒಂದೇ ಪೆಟ್ಟಿಗೆ, ೧೧೮೩.
ಸಿವಾನಿನ ಅಮ್ಮ, ಸಿಲ್ಹೆಟ್ಟಿನ ಹೆಂಡತಿ, ಜಗಿತ್ಯಾಲದ ತಮ್ಮ
ಬರೆದದ್ದೆಲ್ಲ ಅದರ ಬಾಯಿಗೆ ಬೀಳುತ್ತಿತ್ತು.
ಚಹಾ ಮಾಡುವ ಪೊಡಿಯಬ್ಬ, ಉಪ್ಪಿನಂಗಡಿಯವರು,
ವಾರಕ್ಕೆರಡು ಸಲ ಸೈಕಲ್ ತುಳಿದು ಹೋಗಿ
ಕೀಲಿ ತಿರುಗಿಸಿ, ಚೀಲ ತುಂಬಿ ತರುತ್ತಿದ್ದರು.
ಅವರಿಗೆ ಓದಲು ಬರುತ್ತಿದ್ದುದು ಕನ್ನಡ,
ಮತ್ತೆ ಅರಬಿ, ಅರ್ಥವಾಗದೆ.
ಆದರೂ ಒಂದು ಕಾಗದ ರೂಮು ತಪ್ಪಿದ್ದಿಲ್ಲ.
ಹೇಗೆ ಅಂತ ಕೇಳಿದೆ.
“ಮೂಲೆ ಮಡಚಿದ್ದರೆ ಏಳನೇ ರೂಮು.
ಹಳದಿ ಗೋಂದು ಒಂಬತ್ತು.
ಸ್ಟಾಂಪು ತಲೆಕೆಳಗಿದ್ದರೆ ರಸೀಕುಲ್ಲನ ಹೆಂಡತಿಯದ್ದು,
ಈ ತಿಂಗಳು ಅವಳಿಗೆ ಸಿಟ್ಟು, ಮಾರಾಯ.”

ಬರೆದೆ:
೮೪೪೩ ತಟ್ಟಿದವರು, ಅದೂ ವೇಬ್ರಿಡ್ಜಿನಿಂದ ಬಂದವರಾದರೆ ಮಾತ್ರ,
ಹತ್ತು-ಇಪ್ಪತ್ತರ ಬಾಗಿಲಿಗೆ ಹೋಗಲಿ.
ಸೇವ್ ಒತ್ತಿದೆ. ಏನೂ ಆಗಲಿಲ್ಲ.
ಮುಕ್ಕಾಲು ಗಂಟೆ ಗೋಡೆಯನ್ನು ಬೈದೆ.
ತಪ್ಪು ಗೋಡೆಯದಲ್ಲ. ಕರೆ ಒಳಗೆ ತಲುಪಿತ್ತು,
ಸರ್ವರ್ ಉತ್ತರವನ್ನೂ ಕೊಟ್ಟಿತ್ತು,
ಆ ಉತ್ತರಕ್ಕೆ ಹೊರಗೆ ಹೋಗುವ ದಾರಿ ಮಾತ್ರ ಗೊತ್ತಿರಲಿಲ್ಲ.
ಗೇಟ್‌ವೇಯ ಖಾನೆ ನಾನೇ ಖಾಲಿ ಬಿಟ್ಟಿದ್ದೆ.

ಜಗಿತ್ಯಾಲದ ಮಲ್ಲೇಶಂ ಒಂದು ರಾತ್ರಿ ಕ್ಯಾಂಪು ಬಿಟ್ಟು ಹೋದ.
ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲೇ ಉಳಿಯಿತು.
ಕಾಗದ ನಿಲ್ಲಲಿಲ್ಲ.
ವಾಪಸು ಕಳಿಸಿ ಎಂದ ಮ್ಯಾನೇಜರ್.
ಪೊಡಿಯಬ್ಬ ಹ್ಞೂಂ ಎಂದು, ರಬ್ಬರ್ ಹಾಕಿ,
ಚಹಾಪುಡಿಯ ಡಬ್ಬದ ಮೇಲಿಟ್ಟರು.
ನಾಲ್ಕಾಯಿತು. ಎಂಟಾಯಿತು.
ಊರಿಗೆ ಹೊರಟ ದಿನ ಪೆಟ್ಟಿಗೆಯ ಕೀಲಿಯ ಜತೆ
ಕಟ್ಟನ್ನೂ ನನ್ನ ಕೈಗಿತ್ತರು. ಏನೂ ಹೇಳಲಿಲ್ಲ.

ಗೋಡೆಯ ದಿನಚರಿ ತೆರೆದರೆ ಸಾಲು ಸಾಲು:
ತಡೆಯಿತು, ತಡೆಯಿತು, ತಡೆಯಿತು.
ಬಹುತೇಕ ಕಳ್ಳರೇ, ಗೊತ್ತು ನನಗೆ,
ರೂಟ್ ಎನ್ನುತ್ತಾರೆ, ಅಡ್ಮಿನ್ ಎನ್ನುತ್ತಾರೆ,
ಇಡೀ ರಾತ್ರಿ ಹೆಸರು ಬದಲಿಸಿ ತಟ್ಟುತ್ತಾರೆ.
ಒಬ್ಬರಿಗೂ ತೆರೆಯುವುದಿಲ್ಲ. ಸಂಬಳ ಅದಕ್ಕೇ.
ಆದರೂ ಒಮ್ಮೊಮ್ಮೆ ಒಂದೇ ಕಡೆಯಿಂದ, ಒಂದೇ ಹೊತ್ತಿಗೆ,
ಇಲ್ಲದ ಬಾಗಿಲಿಗೆ ಒಂದೇ ಒಂದು ತಟ್ಟು.
ಯಂತ್ರವೇ ಇರಬೇಕು. ಯಂತ್ರವೇ.

ಗೇಟ್‌ವೇ ತುಂಬಿದೆ. ಫೋನು ಬಂತು,
ವೇಬ್ರಿಡ್ಜಿನ ಮುಝ್ನಾ: “ವಸಲ್?”
“ವಸಲ್, ವಸಲ್,” ಎಂದೆ. ಬಂತು.
ಪರದೆಯ ಮೇಲೆ ಮೊದಲ ಲಾರಿ,
ಹದಿನೆಂಟು ಟನ್ನು, ಮುನ್ನೂರ ಅರವತ್ತು ಕಿಲೋ.

ಕೆಳಗಿನ ಖಾನೆಯಲ್ಲಿ, ಹಳೆ ಕೇಬಲ್ಲುಗಳಡಿ,
ಹನ್ನೊಂದು ಕಾಗದ.
ರಬ್ಬರು ಯಾವತ್ತೋ ಕರಗಿ ಲಕೋಟೆಗೆ ಅಂಟಿದೆ.
ಅವುಗಳ ತೂಕ ನೋಡಿಲ್ಲ.